ಕೋಲ್ಬೆಯ ಎಲೆಗಳ ಹಿಂದಿನ ಕತ್ತಲು

ಕಾರ್ಲ್ ವಿಲ್ಹೆಲ್ಮ್ ಕೋಲ್ಬೆಯ ಎಚ್ಚಿಂಗ್ ಮೊದಲ ಸಲ ನೋಡಿದಾಗಿನಿಂದ ಒಂದೇ ಪ್ರಶ್ನೆ ಕಾಡುತ್ತಿತ್ತು. ಎಲೆಗಳ ಹಿಂದಿನ ಆ ಕತ್ತಲನ್ನು ಬರೀ ಸೂಜಿಯಲ್ಲಿ ಹೇಗೆ ತಂದ? ಎಚ್ಚಿಂಗ್ ಅಂದ್ರೆ ಮೇಣ ಸವರಿದ ತಾಮ್ರದ ತಗಡನ್ನು ಸೂಜಿಯಿಂದ ಗೀರಿ, ಆ ಗೀಟುಗಳನ್ನು ರಾಸಾಯನಿಕದಲ್ಲಿ ಕೊರೆಸಿ, ತಗ್ಗಿಗೆ ಇಂಕು ತುಂಬಿ ಕಾಗದಕ್ಕೆ ಅಚ್ಚು ತೆಗೆಯೋದು. ಜರ್ಮನಿಯ ಡೆಸಾವ್‌ನಲ್ಲಿ ಫ್ರೆಂಚ್ ಕಲಿಸುತ್ತಿದ್ದ ಮೇಷ್ಟ್ರು ಕೋಲ್ಬೆ, 1835ರಲ್ಲಿ ತೀರಿಕೊಂಡ. ಚಿತ್ರಕಲೆಗೆ ಪೂರ್ತಿ ಇಳಿದಿದ್ದೇ ಮೂವತ್ತರ ಸುಮಾರಿಗೆ. ಓಕ್ ಮರಗಳನ್ನು ಎಷ್ಟು ಬಿಡಿಸಿದ ಅಂದ್ರೆ ಅವನಿಗೆ 'ಓಕ್ ಕೋಲ್ಬೆ' ಅಂತಲೇ ಹೆಸರು ಬಿತ್ತು.

ನನಗೆ ಓಕ್‌ಗಿಂತ ಜಾಸ್ತಿ ಇಷ್ಟ ಅವನ ಗಿಡಗಂಟಿಗಳು. 'ನಾನೂ ಅರ್ಕೇಡಿಯಾದಲ್ಲಿದ್ದೆ' (ಅರ್ಕೇಡಿಯಾ ಅಂದ್ರೆ ಕವಿಗಳ ಕಲ್ಪನೆಯ ಸುಖದ ನಾಡು) ಅನ್ನೋ ಚಿತ್ರದಲ್ಲಿ ಸಮಾಧಿಯ ಮುಂದೆ ಒಂದು ಜೋಡಿ ಇದೆ, ಸುತ್ತಲಿನ ಎಲೆಗಳೋ ಅವರನ್ನೇ ನುಂಗುವಷ್ಟು ದೊಡ್ಡವು. ಅದರ ಒಂದು ಮೂಲೆಯನ್ನು ಅಂಗೈಯಗಲದ ತಾಮ್ರದ ತಗಡಿನ ಮೇಲೆ ನಕಲು ಮಾಡೋಕೆ ಕೂತೆ.

ಮೊದಲ ತಗಡು ಹಾಳಾಯ್ತು. ಒಂದೊಂದು ಎಲೆಯ ಅಂಚನ್ನೂ ಗೀರಿ, ಆಮೇಲೆ ಹಿಂದಿನ ಜಾಗ ಕಪ್ಪಾಗಲಿ ಅಂತ ಗೀಟಿನ ಮೇಲೆ ಗೀಟು ಒತ್ತೊತ್ತಾಗಿ ಹಾಕಿದ್ದೆ. ತಾಮ್ರವನ್ನು ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಇಟ್ಟಾಗ ಗೀಟುಗಳ ನಡುವಿನ ಮೇಣದ ಪದರ ಕಿತ್ತುಕೊಂಡು ಬಂತು, ಆ ಜಾಗವೆಲ್ಲ ಒಂದೇ ಅಗಲದ ತಗ್ಗಾಯ್ತು. ಪ್ರಿಂಟ್ ತೆಗೆದರೆ ಕಗ್ಗಪ್ಪು ಇರಬೇಕಾದ ಕಡೆ ಮಂಕು ಬೂದಿ ಬಣ್ಣ. ಇಂಕು ನಿಲ್ಲೋಕೆ ಎರಡು ಬದಿಗೂ ಗೋಡೆ ಬೇಕು, ಅಲ್ವಾ? ಅಗಲವಾದ ತಗ್ಗಿನಿಂದ ಒರೆಸುವ ಬಟ್ಟೆ ಅದನ್ನು ಎತ್ತಿಕೊಂಡು ಹೋಗಿಬಿಡುತ್ತೆ.

ಆಮೇಲೆ ಕೋಲ್ಬೆಯ ಚಿತ್ರವನ್ನು ಮತ್ತೆ ಮತ್ತೆ ನೋಡಿದೆ. ಎಚ್ಚಿಂಗ್‌ನಲ್ಲಿ ಬಿಳಿ ಬಣ್ಣ ಅಂತ ಇಲ್ಲ, ಬೆಳಕು ಅಂದ್ರೆ ಸೂಜಿ ಮುಟ್ಟದೆ ಬಿಟ್ಟ ತಾಮ್ರ. ಹಾಗಾದರೆ ನಾನು ಗೀರಬೇಕಾದ್ದು ಎಲೆಯನ್ನಲ್ಲ, ಎಲೆಗಳ ನಡುವಿನ ಸಂದನ್ನು.

ಎರಡನೇ ತಗಡಿನಲ್ಲಿ ಸಂದುಗಳಿಂದಲೇ ಶುರು ಮಾಡಿದೆ. ಗೀಟುಗಳ ಮಧ್ಯೆ ಉಸಿರಾಡೋಕೆ ಜಾಗ ಬಿಟ್ಟೆ, ಕಪ್ಪನ್ನು ಗೀಟಿನ ಸಂಖ್ಯೆಯಿಂದ ತರೋ ಬದಲು ಆಳದಿಂದ ತರೋಣ ಅಂತ. ಹತ್ತು ನಿಮಿಷಕ್ಕೆ ತಗಡು ಹೊರಗೆ ತೆಗೆದು, ತೊಳೆದು ಒಣಗಿಸಿ, ಮುಂಭಾಗದ ಎಲೆಗಳ ನರಗಳಿಗೆ ಅಲ್ಲಿಗೆ ಕೊರೆತ ನಿಲ್ಲಲಿ ಅಂತ ವಾರ್ನಿಷ್ ಹಚ್ಚಿ ಮುಚ್ಚಿ, ತಗಡನ್ನು ಮತ್ತೆ ದ್ರಾವಣಕ್ಕೆ ಇಳಿಸಿದೆ. ಇನ್ನೊಂದು ಹದಿನೈದು ನಿಮಿಷ ಆದಮೇಲೆ ನಡುವಿನ ಎಲೆಗಳ ನೆರಳಿಗೂ ವಾರ್ನಿಷ್. ದಂಟಿನ ಬುಡದ ಸಂದುಗಳು ಮಾತ್ರ ಒಟ್ಟು ಐವತ್ತು ನಿಮಿಷ ಒಳಗಿದ್ದವು.

ಒದ್ದೆ ಕಾಗದ ಇಟ್ಟು ಪ್ರೆಸ್ ತಿರುಗಿಸಿದೆ. ಕಾಗದ ಎತ್ತಿದಾಗ ಕಣ್ಣಿಗೆ ಮೊದಲು ಬಿದ್ದಿದ್ದು ಒಂದು ಎಲೆಯ ಸುರುಳಿ ಅಂಚು, ಅಕ್ಕಿಕಾಳಿನಷ್ಟೇ ಅಗಲ. ಹಿಂದೆ ಗಾಢ ಕತ್ತಲು, ಅಂಚಿನ ಮೇಲೆ ಒಂದು ಗೀಟೂ ಇಲ್ಲ.