ಬೆಳ್ಳಿ ಬೆರೆತ ತಾಡಪತ್ರಿ ಮತ್ತು ನನ್ನ ಬಕೆಟ್

ಕಲಬುರಗಿಯಲ್ಲಿ ಮಕ್ಕಳು ಜಿಗಿಯುವ, ಗಾಳಿ ತುಂಬಿ ನಿಲ್ಲಿಸುವ ಕೋಟೆಗಳನ್ನು ಬಾಡಿಗೆಗೆ ಕೊಡುವುದು ನನ್ನ ಕಸುಬು. ಹುಟ್ಟುಹಬ್ಬ, ಶಾಲೆಯ ವಾರ್ಷಿಕೋತ್ಸವ, ಹೋಳಿ ಹುಣ್ಣಿಮೆ ಮುಗಿಯುತ್ತಲೇ ಬರುವ ಶರಣಬಸವೇಶ್ವರ ಜಾತ್ರೆ. ಜಾತ್ರೆಯ ಸಂಜೆ ಮಿರ್ಚಿ ಬಜ್ಜಿ ತಿಂದ ಕೈ, ಸೋರುವ ಮೂಗು, ಧೂಳು ಹತ್ತಿದ ಪಾದ ಎಲ್ಲವೂ ಒಂದೇ ಹಾಸಿನ ಮೇಲೆ.

ಮೊದಲ ಕೋಟೆಯನ್ನು ಕೆಡಿಸಿದವನು ನಾನೇ. ಮಳೆಗಾಲದ ಒಂದು ರಾತ್ರಿ ಹಸಿಯಾಗಿಯೇ ಸುತ್ತಿ ಶೆಡ್ಡಿಗೆ ಹಾಕಿದೆ. ಎಂಟು ದಿನ ಬಿಟ್ಟು ಬಿಚ್ಚಿದರೆ ಹಾಳು ಬಾವಿಯ ವಾಸನೆ. ಜಾರುಬಂಡಿಯ ಬುಡದ ಹೊಲಿಗೆಯುದ್ದಕ್ಕೂ ಕರಿ ಎಳ್ಳು ಚೆಲ್ಲಿದಂತೆ ಬೂಷ್ಟು. ಉಜ್ಜಿದರೆ ಮೇಲಿನದು ಹೋಯಿತು, ಸೂಜಿಯ ತೂತಿನೊಳಗಿನದು ಹೋಗಲಿಲ್ಲ. ಕೋಟೆಯ ತಾಡಪತ್ರಿಯ ಪ್ಲಾಸ್ಟಿಕ್ಕು, ಅಂದರೆ ಪಿವಿಸಿ, ಮೆದುವಾಗಿರಲೆಂದು ಬೆರೆಸುವ ಎಣ್ಣೆಯಂಥ ಪದಾರ್ಥಗಳಲ್ಲಿ ಕೆಲವನ್ನು ಬೂಷ್ಟು ತಿಂದು ಬೆಳೆಯುತ್ತದೆ ಎಂಬುದು ಆಮೇಲೆ ತಿಳಿಯಿತು.

ಎರಡನೆಯದನ್ನು ಕೊಳ್ಳುವಾಗ ಹೆಚ್ಚು ದುಡ್ಡು ಕೊಟ್ಟು ಬೆಳ್ಳಿಯ ಅಯಾನು ಬೆರೆಸಿದ, ಬ್ಯಾಕ್ಟೀರಿಯಾ ತಡೆಯುವ ತಾಡಪತ್ರಿಯದನ್ನೇ ತಂದೆ. ಜೊತೆಗೆ ಬಂದ ಕಾಗದದಲ್ಲಿ ಪ್ಲಾಸ್ಟಿಕ್ ಮೇಲೆ ಬ್ಯಾಕ್ಟೀರಿಯಾ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆಯುವ ಐಎಸ್‌ಒ 22196 ಪರೀಕ್ಷೆಯ ಫಲಿತಾಂಶವಿತ್ತು. ಆ ಪರೀಕ್ಷೆ ಸುಳ್ಳಲ್ಲ. ಆದರೆ ಅದನ್ನು ಮಾಡುವುದು ಶುಭ್ರವಾದ ತುಂಡಿನ ಮೇಲೆ, 35 ಡಿಗ್ರಿ ಶಾಖದಲ್ಲಿ, ತೇವ ಆರದಂತೆ 24 ಗಂಟೆ ಇಟ್ಟು. ನಮ್ಮಲ್ಲಿ ಒಂದು ಮಗು ಇಳಿಯುವಷ್ಟರಲ್ಲಿ ಇನ್ನೊಂದು ಹತ್ತಿರುತ್ತದೆ. ಹಾಸಿನ ಮೇಲೆ ಬಜ್ಜಿಯ ಎಣ್ಣೆಯೂ ಧೂಳೂ ಕೂತರೆ ಬೆಳ್ಳಿ ಅದರಡಿಯಲ್ಲೇ ಉಳಿಯುತ್ತದೆ, ಕ್ರಿಮಿ ಮೇಲೆ ಹಾಯಾಗಿರುತ್ತದೆ. ಅದು ಕಾಯುವುದು ಮುಖ್ಯವಾಗಿ ತಾಡಪತ್ರಿಯನ್ನು. ಮಕ್ಕಳನ್ನು ಕಾಯುವ ಕೆಲಸ ನನ್ನ ಬಕೆಟ್ಟಿನದು.

ಮೊದಲು ಸಾಬೂನು ನೀರಿನಲ್ಲಿ ಕೊಳೆ ತೆಗೆಯುತ್ತೇನೆ. ಬಳಿಕ 10 ಲೀಟರ್ ನೀರಿಗೆ ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ (ಕ್ರಿಮಿ ಕೊಲ್ಲುವ ಬ್ಲೀಚ್ ದ್ರಾವಣ) 200 ಮಿಲಿ ಬೆರೆಸಿ ಒರೆಸಿ, ಹತ್ತು ನಿಮಿಷ ಹಸಿಯಾಗಿಯೇ ಬಿಟ್ಟು, ಶುದ್ಧ ನೀರಿನ ಬಟ್ಟೆಯಿಂದ ಮತ್ತೆ ಒರೆಸುತ್ತೇನೆ. ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಇದರ ಹತ್ತಿರವೂ ತರಬಾರದು, ವಿಷದ ಗಾಳಿ ಏಳುತ್ತದೆ. ಪೆನ್ನಿನ ಗೀಟು ಅಳಿಸಲು ಒಮ್ಮೆ ಥಿನ್ನರ್ ಹಚ್ಚಿದ್ದೆ. ಅಂಗೈಯಗಲ ಜಾಗ ಹಪ್ಪಳದಂತೆ ಬಿರುಸಾಗಿ ಸೀಳಿತು.

ನಮ್ಮ ಊರಿನ ಬಿಸಿಲಿಗೂ ಒಂದು ಪಾಲು ಕೊಡಬೇಕು. ಬೇಸಿಗೆಯಲ್ಲಿ 40 ದಾಟುವ ಶೆಡ್ಡಿನಲ್ಲಿಟ್ಟ ಹೈಪೋಕ್ಲೋರೈಟ್ ಕ್ಯಾನು ಬೇಗ ಸತ್ವ ಕಳೆದುಕೊಳ್ಳುತ್ತದೆ. ಘಾಟು ಇಲ್ಲದ ನೀರನ್ನು ನಾನು ತಿಂಗಳುಗಟ್ಟಲೆ ಭಕ್ತಿಯಿಂದ ಒರೆಸಿದ್ದೇನೆ! ಈಗ ಸಣ್ಣ ಕ್ಯಾನು ತಂದು ಮನೆಯೊಳಗೆ ಕತ್ತಲಲ್ಲಿಡುತ್ತೇನೆ. ಒಣಗಿಸಲು ಮಾತ್ರ ಇಂಥ ಊರು ಇನ್ನೊಂದಿಲ್ಲ. ಕೋಟೆಗೆ ಗಾಳಿ ತುಂಬುವ ಬ್ಲೋವರ್ ನಿಲ್ಲಿಸದೆ ಒಂದು ತಾಸು ಬಿಟ್ಟರೆ ಹೊಲಿಗೆಯಿಂದ ಸೋರುವ ಗಾಳಿಯೇ ತೂತುಗಳನ್ನು ಒಣಗಿಸುತ್ತದೆ. ಮಡಿಕೆಯೊಳಗೆ ಬಿಳಿ ಬಟ್ಟೆ ತೂರಿಸಿ ನೋಡುತ್ತೇನೆ. ತೇವ ಹತ್ತಿದರೆ ಇನ್ನೊಂದು ತಾಸು.

ಹೋದ ಜಾತ್ರೆಯಲ್ಲಿ ಒಬ್ಬ ತಾಯಿ, “ಅಣ್ಣಾ, ಇದಕ್ಕೆ ಬೆಳ್ಳಿ ಬೆರೆಸಿದ್ದಾರಂತೆ, ಹೌದೇ?” ಎಂದು ಕೇಳಿದರು. “ಹೌದು ಅಕ್ಕಾ, ಆದರೂ ಮಗ ಕೈಕಾಲು ತೊಳೆದುಕೊಂಡೇ ಹತ್ತಲಿ” ಎಂದು ನಲ್ಲಿ ತೋರಿಸಿದೆ. ಹುಡುಗ ಅರ್ಧ ಬಜ್ಜಿಯನ್ನು ಅವರ ಕೈಗಿಟ್ಟು ಓಡಿದ.