ನಿನ್ನೆ ಲ್ಯಾಬಿನಲ್ಲಿ ಏನು ಮಾಡಿದಿರಿ?

ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಆರು ವರ್ಷದಿಂದ ನಮ್ಮ ಮಕ್ಕಳನ್ನು ವಿಜ್ಞಾನಿಗಳ ಜೊತೆ, ಪಿಎಚ್‌ಡಿ ಮಾಡುತ್ತಿರುವ ಹುಡುಗ ಹುಡುಗಿಯರ ಜೊತೆ ಮಾತಿಗೆ ಕೂರಿಸುತ್ತಾ ಬಂದಿದ್ದೇನೆ. ಹೇಗೆ ಮಾಡಿದೆ ಅಂತ ಬೇರೆ ಊರಿನ ಇಬ್ಬರು ಮೂವರು ಮೇಷ್ಟ್ರುಗಳು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಮಾಡಿದ್ದು ಫೆಬ್ರವರಿ 28ಕ್ಕೆ, ವಿಜ್ಞಾನ ದಿನದಂದು. ನಿವೃತ್ತರಾದ ಒಬ್ಬ ಭೌತವಿಜ್ಞಾನಿ ಊರಿಗೆ ಬಂದಿದ್ದರು, ಕರೆದ ತಕ್ಷಣ ಒಪ್ಪಿಕೊಂಡರು. ನಾನು ಒಂದು ವಾರ ಮೊದಲೇ ಮಕ್ಕಳಿಂದ ಪ್ರಶ್ನೆ ಬರೆಸಿ, ತಿದ್ದಿ, ಚಂದ ಮಾಡಿ ಕೊಟ್ಟಿದ್ದೆ. ‘ನಿಮಗೆ ಸ್ಫೂರ್ತಿ ಯಾರು?’ ‘ಇಂದಿನ ಯುವಜನತೆಗೆ ನಿಮ್ಮ ಸಂದೇಶ ಏನು?’ ಇಂಥವು. ಅವರೂ ಅಷ್ಟೇ ಚಂದವಾಗಿ ಉತ್ತರ ಕೊಟ್ಟರು. ಕಷ್ಟಪಟ್ಟು ಓದಿ, ಕನಸು ಕಾಣಿ. ಮಕ್ಕಳು ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು. ಸಂಜೆ ಕೇಳಿದರೆ ಒಬ್ಬರಿಗೂ ಒಂದು ಮಾತು ನೆನಪಿರಲಿಲ್ಲ.

ಆದರೆ ಆವತ್ತೇ ಇನ್ನೊಂದು ಮಾತುಕತೆ ನಡೆಯಿತು, ಕೈ ತೊಳೆಯೋ ನಲ್ಲಿ ಹತ್ತಿರ. ಪ್ರಥಮ ಪಿಯು ಹುಡುಗನೊಬ್ಬ ಅವರ ಪಕ್ಕದಲ್ಲಿ ನಿಂತು ಕೇಳಿದ: ‘ಸರ್, ಬೆಳಿಗ್ಗೆ ಲ್ಯಾಬಿಗೆ ಹೋದ್ ಕೂಡ್ಲೇ ಮೊದ್ಲು ಏನ್ ಮಾಡ್ತಿದ್ರಿ?’

ಅವರು ಒದ್ದೆ ಕೈಯಲ್ಲೇ ನಿಂತರು. ಮೊದಲು ವ್ಯಾಕ್ಯೂಮ್ ಪಂಪಿನ ಮೀಟರ್ ನೋಡುತ್ತಿದ್ದರಂತೆ. ರಾತ್ರಿಯಿಡೀ ಪಂಪ್ ಓಡಿ ಡಬ್ಬಿಯೊಳಗಿನ ಗಾಳಿ ಎಷ್ಟು ಖಾಲಿಯಾಗಿದೆ ಅಂತ ಪುಸ್ತಕದಲ್ಲಿ ಬರೆದಿಡೋದು. ಒಂದು ಸಲ ಎಷ್ಟು ದಿನ ಓಡಿಸಿದರೂ ಒತ್ತಡ ಇಳಿಯಲೇ ಇಲ್ಲ. ಎಲ್ಲೋ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಹತ್ತಿಗೆ ಅಸಿಟೋನ್ ಅನ್ನೋ ಬೇಗ ಆವಿಯಾಗೋ ದ್ರವ ಅದ್ದಿ ಒಂದೊಂದೇ ಜಾಯಿಂಟಿಗೆ ಹಚ್ಚೋದು, ಮೀಟರ್ ಮುಳ್ಳು ಅಲುಗಿತಾ ಅಂತ ನೋಡೋದು. ಮುಳ್ಳು ಅಲುಗಿದ ಕಡೆ ತೂತು. ಸಿಗೋಕೆ ಮೂರು ವಾರ ಹಿಡಿಯಿತು ಅಂದರು.

ಆ ಹುಡುಗನ ಅಪ್ಪನದು ಬಸ್ ಸ್ಟ್ಯಾಂಡ್ ಹಿಂದೆ ಪಂಕ್ಚರ್ ಅಂಗಡಿ. ‘ನಾವು ಟ್ಯೂಬನ್ನ ನೀರಲ್ಲಿ ಮುಳುಗ್ಸಿ ಗುಳ್ಳೆ ಎಲ್ಲಿ ಬರುತ್ತೆ ನೋಡ್ತೀವಿ ಸರ್. ಹಂಗೇನಾ?’

‘ಹಂಗೇ ಕಣಪ್ಪ. ನಿಮ್ದು ಗಾಳಿ ಹೊರಗೆ ಬರೋ ತೂತು, ನಮ್ದು ಒಳಗೆ ಹೋಗೋ ತೂತು. ಅಷ್ಟೇ.’

ಹುಡುಗನ ಮುಖ ಆಗ ಹೇಗಿತ್ತು ಅಂತ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪನ ಅಂಗಡಿಯಲ್ಲಿ ದಿನಾ ಮಾಡೋ ಕೆಲಸಕ್ಕೂ ಲ್ಯಾಬಿಗೂ ನಂಟಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವತ್ತಿಂದ ಪ್ರಶ್ನೆ ತಿದ್ದೋದನ್ನು ಬಿಟ್ಟೆ. ಈಗ ಒಂದೇ ನಿಯಮ ಉಳಿದಿದೆ. ಯಾರೇ ಬರಲಿ, ಮೊದಲ ಪ್ರಶ್ನೆ ‘ನಿನ್ನೆ ಲ್ಯಾಬಿನಲ್ಲಿ ಏನು ಮಾಡಿದಿರಿ?’

ಇನ್ನೊಂದು ಬದಲಾವಣೆಯನ್ನೂ ಮಾಡಿಕೊಂಡೆ. ದೊಡ್ಡ ಹೆಸರಿನವರನ್ನು ಹುಡುಕೋದು ಕಡಿಮೆ ಮಾಡಿ, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮೇಲ್ ಹಾಕತೊಡಗಿದೆ. ಲ್ಯಾಬಿನ ಕೆಲಸ ದಿನಾ ಕೈಯಾರೆ ಮಾಡೋರು ಅವರೇ. ನಮ್ಮ ಮಕ್ಕಳಿಗಿಂತ ಹತ್ತು ವರ್ಷ ದೊಡ್ಡವರು ಅಷ್ಟೇ, ಹೆದರಿಕೆ ಇರಲ್ಲ. ಮೇಲ್ ನಾಲ್ಕೇ ಸಾಲು. ನಾವು ಯಾರು, ಯಾವ ಶನಿವಾರ, ಎಷ್ಟು ಹೊತ್ತು, ಮತ್ತೆ ‘ಭಾಷಣ ತಯಾರು ಮಾಡಬೇಡಿ, ಲ್ಯಾಬಿನಲ್ಲಿ ಕೈಗೆ ಸಿಗೋ ಒಂದು ವಸ್ತು ಜೊತೆಗಿರಲಿ’. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಂದು ಸಲ ಬರೆಯುತ್ತೇನೆ. ಬೇಸರ ಮಾಡಿಕೊಳ್ಳೋದಿಲ್ಲ. ಅವರಿಗೆ ಕನ್ನಡ ಬಾರದಿದ್ದರೆ ನಾನೇ ನಡುವೆ ಕೂತು ಹೇಳುತ್ತೇನೆ. ಮಕ್ಕಳು ಮಾತ್ರ ಕನ್ನಡದಲ್ಲೇ ಕೇಳಬೇಕು. ಇಂಗ್ಲಿಷಿನಲ್ಲಿ ಕೇಳಿ ಅಂದರೆ, ಇಂಗ್ಲಿಷ್ ಬರೋ ನಾಲ್ಕು ಮಕ್ಕಳು ಕೇಳುತ್ತಾರೆ, ಉಳಿದವರು ನೆಲ ನೋಡುತ್ತಾರೆ.

ಹೀಗೆ ಸಿಕ್ಕವರಲ್ಲಿ ಒಬ್ಬರು ಕಪ್ಪೆಗಳ ಕೂಗಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಬೆಂಗಳೂರಿಂದ ವೀಡಿಯೊ ಕಾಲಿನಲ್ಲಿ ಬಂದರು. ಪ್ರೊಜೆಕ್ಟರ್ ಕೆಟ್ಟಿತ್ತು. ನನ್ನ ಫೋನನ್ನೇ ಸ್ಟೀಲ್ ಲೋಟಕ್ಕೆ ಒರಗಿಸಿ ಮೇಜಿನ ಮೇಲಿಟ್ಟೆ, ಮಕ್ಕಳು ಸುತ್ತ ಮುತ್ತಿಕೊಂಡರು. ‘ಮೇಡಂ’ ಅಂತ ಶುರುವಾದ ಮಾತು ಹತ್ತು ನಿಮಿಷದಲ್ಲಿ ‘ಅಕ್ಕಾ’ ಆಯಿತು. ನಿನ್ನೆ ಏನು ಮಾಡಿದಿರಿ ಅಂದರೆ, ‘ಬೆಳಿಗ್ಗೆಯಿಂದ ಸಂಜೆವರೆಗೆ ಹೆಡ್‌ಫೋನ್ ಹಾಕ್ಕೊಂಡು ಮಳೆ ಸದ್ದು ಕೇಳಿದೆ’ ಅಂದರು. ಕಾಡಿನ ಮರಕ್ಕೆ ರೆಕಾರ್ಡರ್ ಕಟ್ಟಿ ಬರೋದು. ರಾತ್ರಿಯ ಸದ್ದೆಲ್ಲ ಅದರಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಕೂತು, ಯಾವುದು ಯಾವ ಕಪ್ಪೆ, ಯಾವುದು ಬರೀ ಎಲೆಯಿಂದ ಬಿದ್ದ ಹನಿ ಅಂತ ಬೇರೆ ಮಾಡೋದು. ಒಂದು ವಾರದ ರೆಕಾರ್ಡಿಂಗ್ ಪೂರ್ತಿ ಹಾಳಾಗಿತ್ತಂತೆ, ಡಬ್ಬಿಯೊಳಗೆ ನೀರು ಹೋಗಿ. ‘ಅತ್ತೇಬಿಟ್ಟೆ’ ಅಂದರು. ಪಿಎಚ್‌ಡಿ ಮಾಡೋರೂ ಅಳುತ್ತಾರೆ ಅಂತ ಮಕ್ಕಳು ಅವತ್ತೇ ಕೇಳಿದ್ದು.

ಕುಂಬಾರ ಕಪ್ಪೆಯ ವಿಷಯ ಅವರೇ ತೆಗೆದರು. ಉತ್ತರ ಕನ್ನಡದ ಕತ್ತಲೆಕಾನಿನಂಥ ಕಾಡಿನಲ್ಲಿರೋ ಈ ಕಪ್ಪೆಗೆ 2014ರಲ್ಲಿ ವಿಜ್ಞಾನದ ಹೆಸರು ಬಂತು, ನಿಕ್ಟಿಬಟ್ರಾಕಸ್ ಕುಂಬಾರ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಕಪ್ಪೆ ಮುಂಗಾಲಿನಲ್ಲಿ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಮಡಕೆ ಮಾಡೋರ ಹಾಗೆ. ಜಗತ್ತಿನ ವಿಜ್ಞಾನದ ಪಟ್ಟಿಯಲ್ಲಿ ನಮ್ಮ ಕನ್ನಡದ ಒಂದು ಕಸುಬಿನ ಹೆಸರಿದೆ ಅಂದಾಗ ಹಿಂದಿನ ಸಾಲಿನಿಂದ ಒಂದು ಸಣ್ಣ ಸದ್ದು ಬಂತು, ಉಸಿರು ಎಳೆದುಕೊಂಡ ಹಾಗೆ.

ಆಮೇಲೆ ಮಾತು ಉಂಬಳದ (ಜಿಗಣೆಯ) ಕಡೆ ತಿರುಗಿತು. ಕಾಡಿನಲ್ಲಿ ಉಂಬಳ ಕಚ್ಚಿದರೆ ಏನು ಮಾಡ್ತೀರಿ ಅಂತ ಮಕ್ಕಳೇ ಕೇಳಿ, ಮಕ್ಕಳೇ ಉಪಾಯ ಹೇಳಿಕೊಟ್ಟರು. ಸುಣ್ಣ ಹಚ್ಚಿ, ಹೊಗೆಸೊಪ್ಪಿನ ನೀರು ಹಚ್ಚಿ, ಉಪ್ಪಿನ ಗಂಟು ಕಟ್ಟಿಕೊಳ್ಳಿ. ಅಕ್ಕ ನೋಟ್‌ಬುಕ್ ತೆಗೆದು ಬರೆದುಕೊಂಡರು. ಅವರು ಬರೆದುಕೊಳ್ಳೋದು ಸ್ಕ್ರೀನಿನಲ್ಲಿ ಕಾಣಿಸುತ್ತಿತ್ತು. ಆಗ ಒಬ್ಬ ಹುಡುಗಿ ಕೇಳಿದಳು: ‘ನಾವು ಬರ್ತಿದೀವಿ ಅಂತ ಉಂಬಳಕ್ಕೆ ಹೆಂಗೆ ಗೊತ್ತಾಗುತ್ತೆ ಅಕ್ಕಾ?’

‘ನಂಗೆ ಸರಿಯಾಗಿ ಗೊತ್ತಿಲ್ಲ. ಓದಿ ಹೇಳ್ತೀನಿ.’

ಈ ‘ಗೊತ್ತಿಲ್ಲ’ ನಮ್ಮ ಮಕ್ಕಳಿಗೆ ಹೊಸದು. ಪರೀಕ್ಷೆಯಲ್ಲಿ ಗೊತ್ತಿಲ್ಲ ಅಂದರೆ ಸೊನ್ನೆ ಅಲ್ವಾ? ಈ ಪ್ರಶ್ನೆ ಮುಂದೆ ಎಲ್ಲಿಗೆ ಹೋಯಿತು ಅಂತ ಕೊನೆಯಲ್ಲಿ ಹೇಳುತ್ತೇನೆ.

ಮನೆಯವರ ವಿಷಯ ಬೇರೆಯೇ. ಮಕ್ಕಳಿಗೆ ಆಸೆ ಹುಟ್ಟಿಸಿ ಮನೆಗೆ ಕಳಿಸಿದರೆ ಅಲ್ಲಿ ಅಪ್ಪ ಕೇಳೋದು ಎರಡೇ ಪ್ರಶ್ನೆ, ಎಷ್ಟು ವರ್ಷ, ಎಷ್ಟು ಸಂಬಳ. ಇದು ನ್ಯಾಯವಾದ ಪ್ರಶ್ನೆ. ಎರಡು ಎಕರೆ ಅಡಿಕೆ ತೋಟ, ಅದಕ್ಕೂ ಕೊಳೆರೋಗ, ಅಂಥ ಮನೆಯಲ್ಲಿ ಈ ಪ್ರಶ್ನೆ ಕೇಳದೇ ಇರೋಕಾಗುತ್ತಾ? ಹಾಗಾಗಿ ವರ್ಷಕ್ಕೆ ಎರಡು ಸಲ ಅಪ್ಪ ಅಮ್ಮಂದಿರನ್ನೂ ಕೂರಿಸುತ್ತೇನೆ. ಸಂಶೋಧನಾ ವಿದ್ಯಾರ್ಥಿಗಳಿಗೆ ಮೊದಲೇ ಹೇಳಿರುತ್ತೇನೆ, ದುಡ್ಡಿನ ವಿಷಯ ಮುಚ್ಚಿಡಬೇಡಿ ಅಂತ.

ಅವರು ಬಿಡಿಸಿ ಹೇಳುತ್ತಾರೆ. ಎಂಎಸ್ಸಿ ಆದಮೇಲೆ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ತಿಂಗಳ ದುಡ್ಡು ಕೊಡೋ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2023ರ ಜನವರಿಯಿಂದ ಈ ದರ. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಅಂದರೆ ಪಿಎಚ್‌ಡಿಗೆ ಮನೆಯಿಂದ ದುಡ್ಡು ಹಾಕೋದಲ್ಲ, ಓದುವವರಿಗೇ ದುಡ್ಡು ಬರೋದು. ಇದು ಎಷ್ಟೋ ತಂದೆಯರಿಗೆ ಗೊತ್ತೇ ಇರಲ್ಲ. ಆದರೆ ಪಿಎಚ್‌ಡಿ ಮುಗಿಯೋಕೆ ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್ ಅನ್ನೋ ತಾತ್ಕಾಲಿಕ ಸಂಶೋಧನಾ ಕೆಲಸ, ಕಾಯಂ ಕೆಲಸ ಸಿಗೋ ಹೊತ್ತಿಗೆ ವಯಸ್ಸು ಮೂವತ್ತು ದಾಟಿರುತ್ತದೆ. ಒಬ್ಬ ಹುಡುಗ ಫೆಲೋಶಿಪ್ ದುಡ್ಡು ನಾಲ್ಕು ತಿಂಗಳು ತಡವಾಗಿ ಬಂದದ್ದನ್ನೂ, ಸ್ನೇಹಿತರ ಹತ್ತಿರ ಸಾಲ ಮಾಡಿದ್ದನ್ನೂ ಹೇಳಿದ. ನಾನು ತಡೆಯಲಿಲ್ಲ. ಅವನು ಹೀಗೆ ಹೇಳಿದ ಮೇಲೇ ಅಪ್ಪಂದಿರು ಅವನ ಉಳಿದ ಮಾತನ್ನೂ ನಂಬಿದ್ದು.

ಹುಡುಗಿಯರ ಮನೆಯಲ್ಲಿ ಇನ್ನೊಂದು ಮಾತಿರುತ್ತದೆ. ಅಷ್ಟು ವರ್ಷ ಓದಿಸಿದರೆ ಮದುವೆ? ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ಮದುವೆಯಾಗಿ, ಮಗು ಕಟ್ಟಿಕೊಂಡು ಪಿಎಚ್‌ಡಿ ಮುಗಿಸಿದ ಒಬ್ಬರನ್ನು ಕರೆಸಿ ತಾಯಂದಿರ ಜೊತೆ ಕೂರಿಸಿದೆ, ನಾನು ಹೊರಗೆ ಹೋದೆ. ಒಂದೂವರೆ ಗಂಟೆ ಮಾತಾಡಿದರು. ವಿಜ್ಞಾನ ದಿನದಂದು ಮಾತ್ರ ನಾನೇ ಒಂದು ಕಥೆ ಹೇಳುತ್ತೇನೆ. 1933ರಲ್ಲಿ ಕಮಲಾ ಭಾಗವತ್ ಅನ್ನೋ ಹುಡುಗಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಸೇರಲು ಬಂದರು. ಹೆಣ್ಣು ಅನ್ನೋ ಕಾರಣಕ್ಕೆ ಆಗಿನ ನಿರ್ದೇಶಕರು ಸೇರಿಸಿಕೊಳ್ಳಲಿಲ್ಲ. ಆ ನಿರ್ದೇಶಕರು ಸಿ.ವಿ. ರಾಮನ್. ಕಮಲಾ ಹಠ ಬಿಡಲಿಲ್ಲ, ಕೊನೆಗೆ ರಾಮನ್ ಷರತ್ತು ಹಾಕಿ ಸೇರಿಸಿಕೊಂಡರು. 1939ರಲ್ಲಿ ಕಮಲಾ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು, ಮುಂದೆ ಕಮಲಾ ಸೊಹೋನಿ ಅಂತ ಹೆಸರಾದರು. ವಿಜ್ಞಾನ ದಿನಕ್ಕೆ ಕಾರಣವಾದ ರಾಮನ್ ಅವರ 1928ರ ಶೋಧವನ್ನೂ ಇದನ್ನೂ ಒಂದೇ ದಿನ, ಒಂದರ ಪಕ್ಕ ಒಂದು ಹೇಳುತ್ತೇನೆ. ಎರಡೂ ನಿಜ, ಎರಡೂ ಮಕ್ಕಳಿಗೆ ಗೊತ್ತಿರಬೇಕು.

ಈ ಕೆಲಸದಲ್ಲಿ ನನ್ನಿಂದ ಒಂದು ತಪ್ಪಾಗಿದೆ. ನಾಲ್ಕು ವರ್ಷದ ಹಿಂದೆ ನಮ್ಮಲ್ಲಿ ಒಬ್ಬ ಹುಡುಗಿ ಇದ್ದಳು. ಸಂಶೋಧನೆಗೇ ಹೋಗಬೇಕು ಅಂತ ಆಸೆ ಅವಳಿಗೆ. ಮಾತುಕತೆಯಲ್ಲಿ ಎಲ್ಲರಿಗಿಂತ ಜಾಸ್ತಿ ಪ್ರಶ್ನೆ ಕೇಳುತ್ತಿದ್ದವಳು. ದೇಶದಲ್ಲಿ ಏಳು ಐಸರ್‌ಗಳಿವೆ, ವಿಜ್ಞಾನದ ಓದಿಗೂ ಸಂಶೋಧನೆಗೂ ಅಂತಲೇ ಇರೋ ಕೇಂದ್ರದ ಸಂಸ್ಥೆಗಳು. ಪಿಯು ಆದ ತಕ್ಷಣ ಅಲ್ಲಿ ಐದು ವರ್ಷದ ಬಿಎಸ್-ಎಂಎಸ್‌ಗೆ (ಪದವಿ, ಸ್ನಾತಕೋತ್ತರ ಎರಡೂ ಸೇರಿದ ಓದು) ಸೇರಬಹುದು. ಅದಕ್ಕೆ ಐಎಟಿ ಅನ್ನೋ ಪ್ರತ್ಯೇಕ ಪರೀಕ್ಷೆ. ನಾನು ಮಕ್ಕಳಿಗೆ ಆಸೆ ಹುಟ್ಟಿಸಿದೆ, ಅರ್ಜಿಯ ಕೊನೆ ದಿನ ನೋಡಿಕೊಂಡಿರಲಿಲ್ಲ. ಪಿಯು ಪರೀಕ್ಷೆಯ ಗಡಿಬಿಡಿಯ ಆಸುಪಾಸಿನಲ್ಲೇ ಅದರ ಅರ್ಜಿಯೂ ಬರುತ್ತದೆ. ನಮಗೆ ಗೊತ್ತಾಗುವಾಗ ದಿನ ಮುಗಿದಿತ್ತು. ಅವಳು ‘ಪರವಾಗಿಲ್ಲ ಸರ್’ ಅಂದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ದ್ವಿತೀಯ ಪಿಯು ಕೋಣೆಯಲ್ಲಿ ದೊಡ್ಡ ಕ್ಯಾಲೆಂಡರ್ ತೂಗುಹಾಕಿದ್ದೇನೆ. ಜನವರಿಯಿಂದಲೇ ವಾರಕ್ಕೊಂದು ಸಲ ಒಬ್ಬ ವಿದ್ಯಾರ್ಥಿ ಐಸರ್ ಪ್ರಕಟಣೆ ನೋಡಿ ಗುರುತು ಹಾಕಬೇಕು. ಐಎಟಿಯಲ್ಲಿ 60 ಪ್ರಶ್ನೆ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಒಂದೊಂದಕ್ಕೆ 15. ಇದು ನಮ್ಮ ಪಿಸಿಎಂಬಿ ಮಕ್ಕಳಿಗೆ ಅಳತೆ ತೆಗೆದು ಹೊಲಿದ ಹಾಗಿದೆ. ನಾಲ್ಕೂ ವಿಷಯ ಓದೋದು ಭಾರ ಅಂತ ಗೊಣಗೋ ಮಕ್ಕಳಿಗೆ ಇದನ್ನು ಹೇಳಿದರೆ ಬೆನ್ನು ನೆಟ್ಟಗಾಗುತ್ತದೆ. ಪಿಸಿಎಂಸಿಯವರು ಜೀವಶಾಸ್ತ್ರವನ್ನು ಬೇರೆಯಾಗಿ ಓದಿಕೊಳ್ಳಬೇಕು. ಬೋರ್ಡಿನ ಮೇಲಿನ ಶೇಕಡಾ 1ರಷ್ಟು ಮಕ್ಕಳಲ್ಲಿ ಬಂದು ಮೂಲವಿಜ್ಞಾನ ತೆಗೆದುಕೊಂಡರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು, ವರ್ಷಕ್ಕೆ 80,000 ರೂಪಾಯಿ.

ಆ ಹುಡುಗಿ ಪಕ್ಕದ ಊರಿನ ಕಾಲೇಜಿನಲ್ಲಿ ಬಿಎಸ್ಸಿ ಸೇರಿದಳು. ದಾರಿ ಅಲ್ಲಿಗೇ ಮುಗಿಯಲಿಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡೋ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ, ಎರಡು ತಿಂಗಳು ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಕೆಲಸ. ಈ ಸಲ ನಾನು ದಿನಾಂಕ ತಪ್ಪಿಸಲಿಲ್ಲ. ಯಾಕೆ ಬರಬೇಕು ಅಂತ ಬರೆಯೋ ಪುಟವನ್ನು ಅವಳು ಐದು ಸಲ ತಿದ್ದಿದಳು. ಮೊದಲ ಸಲ ಬರೆದದ್ದು ‘ನನಗೆ ಚಿಕ್ಕಂದಿನಿಂದ ವಿಜ್ಞಾನದಲ್ಲಿ ಆಸಕ್ತಿ’ ಅಂತ. ಐದನೇ ಸಲ ಬರೆದದ್ದು ಅವರ ಮನೆ ಬಾವಿ ನೀರಿನಲ್ಲಿ ಬರೋ ತುಕ್ಕಿನ ಬಣ್ಣ ಮಳೆಗಾಲ ಕಳೆದ ಮೇಲೆ ಹೇಗೆ ಬದಲಾಗುತ್ತದೆ ಅಂತ ಅವಳೇ ಇಟ್ಟ ಲೆಕ್ಕ. ಆಯ್ಕೆಯಾದಳು. ಕಳೆದ ಬೇಸಿಗೆ ಬೆಂಗಳೂರಿನಲ್ಲಿದ್ದಳು.

ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇಗೂ (ಎಲ್ಲರಿಗೂ ಲ್ಯಾಬ್ ತೆರೆದಿಡೋ ದಿನ) ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ, ರಾತ್ರಿ ಬಸ್ಸಿನಲ್ಲಿ. ಹೈ ವೋಲ್ಟೇಜ್ ಲ್ಯಾಬಿನ ಕಿಡಿ ನೋಡೋಕೆ ಎಲ್ಲರೂ ನುಗ್ಗುತ್ತಾರೆ. ನೋಡಲಿ, ಚೆನ್ನಾಗಿರುತ್ತೆ. ಆದರೆ ಅಲ್ಲಿ ಮಾತಾಡೋಕೆ ಯಾರಿಗೂ ಪುರುಸೊತ್ತಿರಲ್ಲ. ಜನ ಇಲ್ಲದ ವಿಭಾಗಕ್ಕೆ ಹೋಗಿ, ಪೋಸ್ಟರ್ ಹಿಡಿದು ಒಬ್ಬರೇ ನಿಂತಿರುವವರನ್ನು ಹುಡುಕಿ.

ಇನ್ನು ಉಂಬಳ. ಎರಡು ವಾರ ಬಿಟ್ಟು ಅಕ್ಕನಿಂದ ವಾಯ್ಸ್ ಮೆಸೇಜ್ ಬಂತು. ನೆಲದ ಅದುರು, ಮೈಯ ಬಿಸಿ, ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್, ಇವನ್ನೆಲ್ಲ ಉಂಬಳ ಗುರುತಿಸುತ್ತದಂತೆ. ‘ನಾವೇ ನೋಡಬಹುದಾ ಸರ್?’ ಅಂತ ಉಂಬಳದ ಪ್ರಶ್ನೆ ಕೇಳಿದ್ದ ಹುಡುಗಿ ಕೇಳಿದಳು. ಒದ್ದೆ ಎಲೆ ಹಾಸಿದ ಟ್ರೇ ನಡುವೆ ಒಂದು ಉಂಬಳ. ಒಂದು ಕಡೆಯಿಂದ ಪೈಪಿನಲ್ಲಿ ಒಬ್ಬರು ಮೆಲ್ಲಗೆ ಉಸಿರು ಬಿಡೋದು, ಇನ್ನೊಂದು ಕಡೆಯಿಂದ ಸೈಕಲ್ ಪಂಪಿನ ಗಾಳಿ. ಹನ್ನೆರಡು ಉಂಬಳದಲ್ಲಿ ಎಂಟು ಉಸಿರಿನ ಕಡೆ ಹೋದವು, ಮೂರು ಪಂಪಿನ ಕಡೆ, ಒಂದು ಸುಮ್ನೆ ಇತ್ತು. ಮಕ್ಕಳು ಕುಣಿದಾಡಿದರು.

ಅಕ್ಕ ಫೋನಿನಲ್ಲಿ ಕೇಳಿಸಿಕೊಂಡು, ‘ಉಸಿರು ಬಿಸಿ, ಪಂಪಿನ ಗಾಳಿ ತಣ್ಣಗೆ. ಹಾಗಾದ್ರೆ ಅದು ಹೋಗಿದ್ದು ಬಿಸಿ ಕಡೆಗೋ, ಕಾರ್ಬನ್ ಡೈಆಕ್ಸೈಡ್ ಕಡೆಗೋ?’ ಅಂದರು. ಹನ್ನೆರಡು ಸಾಲದು ಅಂತಲೂ ಹೇಳಿದರು. ಯಾವ ಕಡೆ ಉಸಿರಿದೆ ಅಂತ ಎಣಿಸೋರಿಗೆ ಗೊತ್ತಿರಬಾರದು ಅಂತಲೂ.

ಈಗ ಉಸಿರಿನ ಪೈಪನ್ನು ತಣ್ಣೀರಿನ ಬಕೆಟಿನೊಳಗೆ ಸುತ್ತಿ ತರೋದು ಅಂತ ಹುಡುಗಿಯ ಯೋಜನೆ. ಬಕೆಟ್ ಸಿದ್ಧವಾಗಿದೆ, ಪೈಪೂ ಇದೆ. ಸದ್ಯಕ್ಕೆ ಬಿಸಿಲು, ಉಂಬಳ ಇಲ್ಲ. ಜೂನಿನ ಮಳೆ ಹಿಡಿದ ಮೊದಲ ಶನಿವಾರ ತೋಟಕ್ಕೆ ಇಳಿಯುತ್ತೇವೆ.