ಕುಯ್ಲಿನಿಂದ ಮಳೆಗಾಲಕ್ಕೆ ಕರಗಿದ ಕೀಲು

ಚಿಕ್ಕಮಗಳೂರಿನಲ್ಲಿ ಮೂಳೆ ವೈದ್ಯನಾಗಿರುವ ನನಗೆ ಸೊಂಟದ ಕೀಲು ಸವೆದವರು ಹೊಸಬರಲ್ಲ. ಆ ಸವೆತ ವರ್ಷಗಟ್ಟಲೆ ನಿಧಾನವಾಗಿ ನಡೆಯುವಂಥದ್ದು. ಆಲ್ದೂರು ಕಡೆಯ ಆ ಅಜ್ಜಿಯದು ಹಾಗಿರಲಿಲ್ಲ. ಎಪ್ಪತ್ತು ದಾಟಿದ್ದರೂ ಕಾಫಿ ಕುಯ್ಲಿಗೆ ಹೋಗಿದ್ದವರು, ಮಳೆ ಹಿಡಿಯುವ ಹೊತ್ತಿಗೆ ಮೊಮ್ಮಗನ ಹೆಗಲು ಹಿಡಿದು ಬಂದರು.

ಸೊಂಟ ನೋವು ಅಂದರೆ ನಮ್ಮ ಕಡೆ ಹೆಚ್ಚಿನವರು ಬೆನ್ನಿನ ಕೆಳಭಾಗ ತೋರಿಸುತ್ತಾರೆ. ಅಜ್ಜಿ ಕೈಯಿಟ್ಟಿದ್ದು ತೊಡೆಸಂದಿಗೆ. “ರಾತ್ರಿ ಮಗ್ಗುಲು ಬದಲಿಸಾಕೂ ಆಗಲ್ಲ ಡಾಕ್ಟ್ರೇ” ಅಂದರು. ಹಳೆ ಎಕ್ಸ್-ರೇ ಇದೆಯಾ ಎಂದು ಕೇಳಿದೆ. ಕುಯ್ಲಿನ ಸಮಯದಲ್ಲಿ ತೆಗೆಸಿದ್ದರ ಫೋಟೋ ಮೊಮ್ಮಗನ ಮೊಬೈಲಿನಲ್ಲಿತ್ತು. ಅದರಲ್ಲಿ ಕೀಲಿನ ಸಂದು ತುಸು ಕಿರಿದಾಗಿತ್ತು, ತೊಡೆಮೂಳೆಯ ಚೆಂಡು ಗುಂಡಗೇ ಇತ್ತು. ಹೊಸ ಎಕ್ಸ್-ರೇಯಲ್ಲಿ ಚೆಂಡಿನ ಮೇಲ್ಭಾಗವೇ ಇಲ್ಲ, ಅದು ಕೂರುವ ಬಟ್ಟಲೂ ಸವೆದು ಹಳ್ಳ ಬಿದ್ದಿತ್ತು.

ಸೊಂಟದ ಕೀಲು ತಿಂಗಳುಗಳಲ್ಲೇ ಹೀಗೆ ಕರಗುವ ಕಾಯಿಲೆಗೆ ‘ರ‍್ಯಾಪಿಡ್ಲಿ ಡಿಸ್ಟ್ರಕ್ಟಿವ್ ಆರ್ಥ್ರೈಟಿಸ್’ ಎನ್ನುತ್ತಾರೆ. ಇದನ್ನು ಗುರುತಿಸುವುದು ಅದರ ವೇಗದಿಂದ. ಒಂದು ವರ್ಷದಲ್ಲಿ ಕೀಲಿನ ಸಂದು 2 ಮಿ.ಮೀ.ಗಿಂತ ಹೆಚ್ಚು, ಅಥವಾ ಅರ್ಧಕ್ಕಿಂತ ಹೆಚ್ಚು ಕಿರಿದಾದರೆ ಅನುಮಾನಿಸಬೇಕು. ಫ್ರಾನ್ಸಿನ ಪೋಸ್ಟೆಲ್ ಮತ್ತು ಕೆರ್ಬುಲ್ 1970ರಲ್ಲೇ ಇದನ್ನು ವಿವರಿಸಿದ್ದರು. ಒಂದೇ ಎಕ್ಸ್-ರೇ ನೋಡಿ ವೇಗ ಹೇಳಲಾಗದು. ಹಾಗಾಗಿ ಎಂಆರ್‌ಐಗೆ ಬರೆಯುವ ಮುಂಚೆ ನಾನು ಹಳೆ ಫಿಲಂ ಹುಡುಕಿಸುತ್ತೇನೆ. ಅದಕ್ಕೆ ಖರ್ಚೂ ಇಲ್ಲ.

ಆದರೂ ನಮ್ಮ ದೇಶದಲ್ಲಿ ಕೀಲು ಹೀಗೆ ಕರಗಿದರೆ ಮೊದಲು ಟಿಬಿ ಮತ್ತು ಕೀವಿನ ಸೋಂಕು ಅಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು. ಸೋಂಕಿರುವ ಕಡೆ ಕೃತಕ ಕೀಲು ಕೂರಿಸಿದರೆ ಅನಾಹುತ. ಉರಿಯೂತ ತೋರಿಸುವ ರಕ್ತ ಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಹೆಚ್ಚೇನೂ ಏರಿರಲಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಕೀಲಿನ ನೀರು ತೆಗೆದು, ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೂ ಟಿಬಿ ಪರೀಕ್ಷೆಗೂ ಕಳಿಸಿದೆ. ಏನೂ ಸಿಗಲಿಲ್ಲ. ನರದ ತೊಂದರೆ, ಸಂಧಿವಾತ, ರಕ್ತ ಸಂಚಾರ ನಿಂತು ಚೆಂಡು ಸಾಯುವುದು, ಇವನ್ನೂ ಒಂದೊಂದಾಗಿ ಬದಿಗಿಟ್ಟೆ.

ಕಾರಣ ಇದೇ ಎಂದು ಯಾರೂ ಖಚಿತವಾಗಿ ಹೇಳಿಲ್ಲ. ಟೊಳ್ಳಾದ ಮೂಳೆಯಲ್ಲಿ ಮೃದ್ವಸ್ಥಿಯ ಕೆಳಗೇ ಬೀಳುವ ಸಣ್ಣ ಬಿರುಕು, ಬೆನ್ನು ಬಾಗಿದಂತೆ ಹಿಂದಕ್ಕೆ ವಾಲುವ ಕಟಿಮೂಳೆ, ಕೀಲಿನಲ್ಲಿ ಸೇರುವ ಕ್ಯಾಲ್ಸಿಯಂ ಹರಳು, ಎಲ್ಲವನ್ನೂ ಹೇಳುತ್ತಾರೆ. ಕೀಲಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆ ಹೀಗಾದದ್ದೂ ಉಂಟು. ವಯಸ್ಸಾದ ಹೆಂಗಸರಲ್ಲಿ, ಅದೂ ಒಂದೇ ಕಡೆ ಹೆಚ್ಚಾಗಿ ಕಾಣುವುದರಿಂದ ನನ್ನ ಒಲವು ಬಿರುಕಿನ ಕಡೆಗೇ. ಚೆಂಡು ಕುಸಿಯುವ ಮುಂಚೆ ಎಂಆರ್‌ಐಯಲ್ಲಿ ಆ ಬಿರುಕಿನ ಗೆರೆ ಕಂಡರೆ ವಾಕರ್ ಕೊಟ್ಟು ಕಾಲಿನ ಮೇಲಿನ ಭಾರ ಇಳಿಸಿ ಕಾಯಬಹುದು, ಕೆಲವರಲ್ಲಿ ಕೂಡಿಕೊಳ್ಳುತ್ತದೆ. ಅಜ್ಜಿ ಆ ಘಟ್ಟ ದಾಟಿದ್ದರು. ಕರಗಿದ ಚೆಂಡು ಮಾತ್ರೆಗೆ ಮರಳಿ ಬೆಳೆಯುವುದಿಲ್ಲ. ಉಳಿದದ್ದು ಕೀಲು ಬದಲಿಸುವುದೊಂದೇ.

ಇಂಥವರಲ್ಲಿ ಕೀಲು ಬದಲಿಸುವಾಗ ರಕ್ತ ಸಾಮಾನ್ಯಕ್ಕಿಂತ ಹೆಚ್ಚು ಹೋಗುತ್ತದೆ. ಅದಕ್ಕೇ ಮುಂಚೆಯೇ ರಕ್ತ ಕಾದಿರಿಸಿ, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟು ಶುರು ಮಾಡಿದೆ. ಬಟ್ಟಲಿನ ಹಳ್ಳ ತುಂಬಲು ನಾವು ಸಾಧಾರಣವಾಗಿ ರೋಗಿಯದೇ ಚೆಂಡನ್ನು ಪುಡಿ ಮಾಡಿ ಬಳಸುತ್ತೇವೆ. ಇಲ್ಲಿ ಚೆಂಡೇ ತುಂಡು ತುಂಡು, ಅರ್ಧಂಬರ್ಧ ಸಿಕ್ಕಿತು. ಹೆಚ್ಚು ಸ್ಕ್ರೂ ಹಾಕಬಹುದಾದ ಲೋಹದ ಕಪ್ ತರಿಸಿಟ್ಟಿದ್ದು ಕೆಲಸಕ್ಕೆ ಬಂತು. ತೊಡೆಮೂಳೆ ಟೊಳ್ಳಾಗಿದ್ದರಿಂದ ಅತ್ತ ಕಡೆ ಸಿಮೆಂಟ್ ಬಳಸಿದೆ. ತೆಗೆದ ಅಂಗಾಂಶವನ್ನೂ ಲ್ಯಾಬಿಗೆ ಕಳಿಸಿದೆ. ಅದರಲ್ಲೂ ಟಿಬಿ ಇರಲಿಲ್ಲ.

ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದೆವು. ನಡೆಯುವುದಕ್ಕಿಂತ ದೊಡ್ಡ ಚಿಂತೆ ತೋಟದ ಕೆಲಸಗಾರರ ಲೈನ್ ಮನೆಯ ಕಕ್ಕಸಿನದು; ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ. ಕಮೋಡ್ ಕುರ್ಚಿ ತಂದಿಟ್ಟ ಮೇಲೇ ಡಿಸ್ಚಾರ್ಜ್ ಎಂದೆ. ಮೊಮ್ಮಗ ಸಂಜೆಯೊಳಗೆ ತಂದ.

ಮೂಳೆ ಸಾಂದ್ರತೆ ನೋಡಿಸಿದಾಗ ನಿರೀಕ್ಷಿಸಿದಷ್ಟೇ ಕಡಿಮೆ ಇತ್ತು. ಹಲ್ಲು, ಮೂತ್ರಪಿಂಡ ಸರಿಯಿವೆಯೆಂದು ನೋಡಿಕೊಂಡು, ವಿಟಮಿನ್ ಡಿ ಕೊರತೆ ತುಂಬಿಸಿ, ಮೂಳೆ ಸವೆಯುವುದನ್ನು ತಡೆಯಲು ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರಾನಿಕ್ ಆಸಿಡ್ ಶುರು ಮಾಡಿದ್ದೇವೆ. ಇನ್ನೊಂದು ಕಡೆಯ ಕೀಲು ಸದ್ಯ ಚೆನ್ನಾಗಿದೆ. ಆ ತೊಡೆಸಂದಿನಲ್ಲಿ ನೋವು ಬಂದರೆ ಮುಂದಿನ ತಪಾಸಣೆಗೆ ಕಾಯದೆ, ಅದೇ ವಾರ ಬರಬೇಕೆಂದು ಚೀಟಿಯಲ್ಲೇ ಬರೆದುಕೊಟ್ಟಿದ್ದೇನೆ.